ಸೀರಿಯಲ್ ಕಿಲ್ಲರ್ ಸಿನಿಮಾಗೆ ಕೈಯಾರೆ ಕಟ್ಟಿದ ಫೊರೆನ್ಸಿಕ್ ಲ್ಯಾಬ್

ನಮ್ಮ ಸಿನಿಮಾದಲ್ಲಿ ನಾಲ್ಕು ಕೊಲೆ ನಡೆಯುತ್ತವೆ. ಕೊಲೆಗಾರ ಪ್ರತಿ ಸಲವೂ ತಾಮ್ರದ ತಂತಿಯಿಂದ ಕೈ ಕಟ್ಟುತ್ತಾನೆ, ಉಳಿದ ತಂತಿಯನ್ನು ಕತ್ತರಿಸಿಕೊಂಡು ಹೋಗುತ್ತಾನೆ. ನಾಲ್ಕೂ ಒಬ್ಬನದೇ ಕೆಲಸ ಅಂತ ಕಂಡುಹಿಡಿಯುವವಳು ಲ್ಯಾಬ್‌ನಲ್ಲಿ ಕೂತ ಒಬ್ಬ ಫೊರೆನ್ಸಿಕ್ ತಜ್ಞೆ. ಕಥೆಯ ಮುಕ್ಕಾಲು ಪಾಲು ಅವಳ ಟೇಬಲ್ ಸುತ್ತಲೇ ನಡೆಯುತ್ತದೆ. ದುಡ್ಡು ತುಂಬ ಕಡಿಮೆ. ಗ್ರಾಫಿಕ್ಸ್ ಮಾಡಿಸುವ ಮಾತೇ ಇಲ್ಲ.

ಆರ್ಟ್ ಕೆಲಸ ನನ್ನದು. ಕ್ಯಾಮೆರಾ ನೋಡಿಕೊಳ್ಳುವ ಗೆಳೆಯನ ಜೊತೆ ಕೂತು ಮೊದಲೇ ಒಂದು ನಿಯಮ ಮಾಡಿಕೊಂಡೆವು. ಪರದೆ ಮೇಲೆ ಕಾಣುವ ಪರೀಕ್ಷೆ ಟೇಬಲ್ ಮೇಲೂ ನಿಜವಾಗಿ ನಡೆಯಬೇಕು. ನಡೆದರೆ ಕ್ಯಾಮೆರಾ ಕದಲಿಸದೆ ಒಂದೇ ಶಾಟ್‌ನಲ್ಲಿ ಹಿಡಿಯಬಹುದು. ನಡೆಯದಿದ್ದರೆ ಕಟ್ ಮಾಡಲೇಬೇಕು. ಕಟ್ ಆದ ಜಾಗದಲ್ಲೇ ನೋಡುವವರಿಗೆ ಅನುಮಾನ ಹುಟ್ಟುತ್ತದೆ. ಫೊರೆನ್ಸಿಕ್ ಕೆಲಸ ನಿಧಾನದ ಕೆಲಸ. ಆ ನಿಧಾನವೇ ನಮಗೆ ಸಸ್ಪೆನ್ಸ್ ಅನ್ನುವುದು ನನ್ನ ಗಟ್ಟಿ ನಂಬಿಕೆ. ಕೆಳಗೆ ಬರೆದಿರುವುದೆಲ್ಲ ಆ ನಿಯಮದ ಪ್ರಕಾರ ಕಟ್ಟಿದ್ದು. ಒಂದು ಕಡೆ ಮಾತ್ರ ನಿಯಮ ಬಿಟ್ಟುಕೊಟ್ಟೆವು. ಯಾಕೆ ಅಂತ ಆ ಜಾಗದಲ್ಲೇ ಹೇಳುತ್ತೇನೆ.

ತಂತಿ, ಕಟಿಂಗ್ ಪ್ಲೇಯರ್

ಕಟಿಂಗ್ ಪ್ಲೇಯರ್‌ನ ಅಂಚು ಬರಿಗಣ್ಣಿಗೆ ನೆಟ್ಟಗೆ, ನುಣುಪಾಗಿ ಕಾಣುತ್ತದೆ. ದೊಡ್ಡದು ಮಾಡಿ ನೋಡಿದರೆ ಉದ್ದಕ್ಕೂ ಸಣ್ಣ ಸಣ್ಣ ಕಚ್ಚು. ಕತ್ತರಿಸುವಾಗ ಆ ಕಚ್ಚುಗಳು ಲೋಹದ ಮೇಲೆ ಗೆರೆ ಎಳೆಯುತ್ತಾ ಹೋಗುತ್ತವೆ. ಹಳೆಯದಾದಷ್ಟೂ ಕಚ್ಚು ಜಾಸ್ತಿ. ಅದಕ್ಕೇ ಹೊಸ ಪ್ಲೇಯರ್ ಬೇಡ ಅಂದೆ. ವರ್ಷಗಟ್ಟಲೆ ದುಡಿದ, ಬಾಯಿ ಸವೆದ ಒಂದನ್ನು ಹುಡುಕಿ ತಂದೆವು.

ಉಪಕರಣದ ಗುರುತು ಹಿಡಿದು ಅಪರಾಧಿಯ ಕಡೆ ಹೋಗುವುದು ಹೊಸ ವಿದ್ಯೆ ಅಲ್ಲ. ಅಮೆರಿಕದಲ್ಲಿ ಹೆಸರಾಂತ ವಿಮಾನ ಹಾರಾಟಗಾರ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣದ ಕೇಸು 1935ರಲ್ಲಿ ವಿಚಾರಣೆಗೆ ಬಂತು. ಆಗ ಆರ್ಥರ್ ಕೋಲರ್ ಎಂಬ ಮರದ ತಜ್ಞ ಸಾಕ್ಷಿ ಹೇಳಿದರು. ಅಪಹರಣಕ್ಕೆ ಬಳಸಿದ ಏಣಿಯ ಮೇಲಿದ್ದ, ಮರ ಹೆರೆಯುವ ಹತ್ತರಿಯ ಗೆರೆಗಳನ್ನು ಆರೋಪಿಯ ಹತ್ತರಿ ಬಿಡುವ ಗೆರೆಗಳ ಜೊತೆ ಅವರು ಹೋಲಿಸಿ ತೋರಿಸಿದರು. ನಮ್ಮ ನಿರ್ದೇಶಕರಿಗೆ ಈ ಕೇಸು ಹೇಳಿದ ಮೇಲೇ ಸ್ಕ್ರಿಪ್ಟ್‌ನಲ್ಲಿದ್ದ ಬುಲೆಟ್ ಹೋಗಿ ತಂತಿ ಬಂದದ್ದು. ನಮ್ಮ ಬಜೆಟ್‌ಗೂ ಅದೇ ಸರಿ. ಬುಲೆಟ್ ಗುರುತನ್ನು ನಾವು ಸುಳ್ಳು ಮಾಡಬೇಕಾಗುತ್ತಿತ್ತು. ತಂತಿಯದನ್ನು ಸುಮ್ನೆ ಕತ್ತರಿಸಿದರೆ ಸಾಕು, ಸಾಕ್ಷ್ಯ ತಾನಾಗಿ ಹುಟ್ಟುತ್ತದೆ.

ತಾನಾಗಿ ಹುಟ್ಟುತ್ತದೆ, ಆದರೆ ತಾನಾಗಿ ಹೊಂದುವುದಿಲ್ಲ. ಒಂದೇ ಪ್ಲೇಯರ್‌ನಲ್ಲಿ ಕತ್ತರಿಸಿದ ಎರಡು ತಂತಿಗಳನ್ನು ಪಕ್ಕಪಕ್ಕ ಇಟ್ಟರೂ ಗೆರೆಗಳು ಬೇರೆ ಬೇರೆ ಕಾಣಬಹುದು. ಬಾಯಿಯ ತುದಿಯಲ್ಲಿ ಕತ್ತರಿಸಿದರೆ ಒಂದು ಗುರುತು, ಬುಡದಲ್ಲಿ ಕತ್ತರಿಸಿದರೆ ಇನ್ನೊಂದು. ಪ್ಲೇಯರ್‌ಗೆ ಎರಡು ಅಲಗು, ಪ್ರತಿ ಅಲಗಿಗೆ ಎರಡು ಮಗ್ಗುಲು. ಅಂದರೆ ಗುರುತು ಬಿಡುವ ಮೈ ಒಟ್ಟು ನಾಲ್ಕು. ನಿಜವಾದ ಲ್ಯಾಬ್‌ನವರು ಅನುಮಾನದ ಉಪಕರಣ ಕೈಗೆ ಬಂದರೆ ಮೊದಲು ಸೀಸದಂಥ ಮೆತ್ತನೆ ಲೋಹದ ಮೇಲೆ ಪರೀಕ್ಷೆಯ ಗುರುತು ತೆಗೆಯುತ್ತಾರೆ. ಗಟ್ಟಿ ಲೋಹ ಕತ್ತರಿಸಿದರೆ ಅಂಚೇ ಬದಲಾಗಿಬಿಡುವ ಅಪಾಯ ಇದೆ, ಅಲ್ವಾ? ಬಾಯಿಯ ಉದ್ದಕ್ಕೂ ಬೇರೆ ಬೇರೆ ಜಾಗದಲ್ಲಿ ಹೀಗೆ ಗುರುತು ತೆಗೆದು, ಆಮೇಲೆ ಹೋಲಿಸುತ್ತಾರೆ.

ನಾವೂ ಹಾಗೇ ಮಾಡಿದೆವು. ಅಲಗಿನ ಉದ್ದಕ್ಕೆ ಮಾರ್ಕರ್‌ನಿಂದ ಗೀಟು ಹಾಕಿ ಭಾಗ ಮಾಡಿಕೊಂಡೆ. ಪ್ರತಿ ಭಾಗದಲ್ಲೂ ತಂತಿ ಕತ್ತರಿಸಿ, ತುಂಡು ನೆಲಕ್ಕೆ ಬೀಳುವ ಮೊದಲೇ ಹಿಡಿದು, ಯಾವ ಭಾಗ, ಯಾವ ಮಗ್ಗುಲು ಅಂತ ಚೀಟಿ ಅಂಟಿಸಿದೆ. ಒಮ್ಮೆ ಬೆರೆತುಹೋದರೆ ಯಾವುದು ಎಲ್ಲಿಯದು ಅಂತ ಹೇಳಲು ಬರುವುದಿಲ್ಲ. ತಾಮ್ರ ಮೆತ್ತಗಿರುವುದರಿಂದ ಗೆರೆ ಚೆನ್ನಾಗಿ ಕೂರುತ್ತದೆ.

ಈಗ ಮೈಕ್ರೋಸ್ಕೋಪ್. ಎರಡು ಮೈಕ್ರೋಸ್ಕೋಪ್‌ಗಳನ್ನು ಗಾಜಿನ ಪ್ರಿಸಂ ಇರುವ ಸೇತುವೆಯಿಂದ ಜೋಡಿಸಿ, ಎರಡರ ಚಿತ್ರವನ್ನೂ ಒಂದೇ ವೃತ್ತದಲ್ಲಿ ಅರ್ಧ ಅರ್ಧ ತೋರಿಸುವುದು ಕಂಪ್ಯಾರಿಸನ್ ಮೈಕ್ರೋಸ್ಕೋಪ್. 1920ರ ದಶಕದಲ್ಲಿ ಬುಲೆಟ್ ಪರೀಕ್ಷೆಗೆ ಅದನ್ನು ಬಳಕೆಗೆ ತಂದವರಲ್ಲಿ ಕ್ಯಾಲ್ವಿನ್ ಗೊಡಾರ್ಡ್ ಹೆಸರು ದೊಡ್ಡದು. ಅದನ್ನು ಕೊಳ್ಳುವುದು ನಮ್ಮ ಕೈಗೆಟುಕುವ ಮಾತಲ್ಲ. ಹಳೆಯ ಶಾಲಾ ಮೈಕ್ರೋಸ್ಕೋಪ್ ಎರಡನ್ನು ಪಕ್ಕಪಕ್ಕ ಹಲಗೆಗೆ ಬೋಲ್ಟ್ ಮಾಡಿದೆ. ಮೇಲೆ ಅಡ್ಡಕ್ಕೆ ಪಿವಿಸಿ ಪೈಪು ಕೂರಿಸಿ, ಮಧ್ಯಕ್ಕೆ ಐಪೀಸ್ ಸಿಕ್ಕಿಸಿ, ಇಡೀ ಮೈಗೆ ಮ್ಯಾಟ್ ಕಪ್ಪು ಬಣ್ಣ ಹೊಡೆದೆ. ಇದು ಹೊರಗಿನ ರೂಪ ಮಾತ್ರ. ಕೆಲಸ ನಡೆಯುವುದು ಒಳಗೆ. ಎರಡೂ ಕೊಳವೆಗಳೊಳಗೆ ಒಂದೊಂದು ಯುಎಸ್‌ಬಿ ಮೈಕ್ರೋಸ್ಕೋಪ್ ಇಳಿಸಿದೆವು. ಅವುಗಳ ಚಿತ್ರ ಲ್ಯಾಪ್‌ಟಾಪ್‌ಗೆ ಹೋಗಿ, ಪಕ್ಕಪಕ್ಕದ ಎರಡು ಕಿಟಕಿಗಳಲ್ಲಿ ಕಾಣುತ್ತದೆ. ನಡುವೆ ಒಂದು ಸಣ್ಣ ಗೆರೆ.

ಬೆಳಕಿನ ವಿಷಯದಲ್ಲಿ ತುಂಬ ಹೊತ್ತು ಕೂತೆವು. ಮೇಲಿನಿಂದ ಬೆಳಕು ಬಿಟ್ಟರೆ ತಾಮ್ರ ಫಳಫಳ ಹೊಳೆಯುತ್ತದೆ, ಗೆರೆ ಒಂದೂ ಕಾಣದು. ಬೆಳಕನ್ನು ಪಕ್ಕಕ್ಕೆ ಇಳಿಸಿ, ತಂತಿಯ ಮೈಗೆ ಸವರಿಕೊಂಡು ಹೋಗುವ ಹಾಗೆ ಓರೆ ಮಾಡಿದಾಗ ಪ್ರತಿ ಗೆರೆಗೂ ಒಂದು ನೆರಳು ಹುಟ್ಟಿತು. ಎರಡೂ ಬದಿಗೆ ಬೆಳಕು ಒಂದೇ ದಿಕ್ಕಿನಿಂದ, ಒಂದೇ ಓರೆಯಲ್ಲಿ ಬರಬೇಕು. ಇಲ್ಲದಿದ್ದರೆ ಒಂದೇ ಗುರುತು ಎರಡಾಗಿ ಕಾಣುತ್ತದೆ. ತಂತಿಯನ್ನು ಜೇಡಿಮಣ್ಣಿನ ಉಂಡೆಗೆ ಸಿಕ್ಕಿಸಿ, ಉಂಡೆಯನ್ನು ತಿರುಗುವ ಬಿರಡೆಯ ಮೇಲೆ ಕೂರಿಸಿದೆ.

ನಟಿಗೆ ಯಾವ ತುಂಡು ಯಾವುದಕ್ಕೆ ಹೊಂದುತ್ತದೆ ಅಂತ ನಾವು ಹೇಳಲಿಲ್ಲ. ಕ್ಯಾಮೆರಾ ಓಡುತ್ತಿರುವಾಗಲೇ ಆಕೆ ಬಿರಡೆ ತಿರುಗಿಸುತ್ತಾ ಹುಡುಕಿದರು. ಬಲಗಡೆಯ ಗೆರೆಗಳು ಎಡಗಡೆಯವುಗಳ ಹತ್ತಿರ ಬಂದು, ದಾಟಿ, ಮತ್ತೆ ಹಿಂದೆ ಬಂದು, ಒಂದು ದಪ್ಪ ಗೆರೆ, ಅದರ ಪಕ್ಕ ಎರಡು ಸಪೂರ ಗೆರೆ, ಆಮೇಲೆ ಖಾಲಿ ಜಾಗ, ಎಲ್ಲ ನಡುಗೀಟಿನ ಆಚೀಚೆ ನೇರ ಕೂತವು. ಆಕೆಯ ಕೈ ನಿಂತಿತು. ಅದು ನಟನೆ ಅಲ್ಲ. ಗ್ರಾಫಿಕ್ಸ್‌ನಲ್ಲಿ ಹಸಿರು ಅಕ್ಷರದಲ್ಲಿ ಮ್ಯಾಚ್ ಅಂತ ಮಿನುಗಿಸುವುದಕ್ಕಿಂತ ಇದು ಎಷ್ಟೋ ಪಾಲು ಮೇಲು.

ಒದ್ದೆ ರಕ್ತ, ಒಣ ರಕ್ತ

ಒಂದೇ ಬಾಟಲಿಯ ರಕ್ತ ಎಲ್ಲ ಸೀನಿಗೂ ಆಗುವುದಿಲ್ಲ. ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಕಲಸಿದ ರಕ್ತ ಚರ್ಮದ ಮೇಲೆ ಚೆನ್ನಾಗಿ ಕಾಣುತ್ತದೆ. ಗೋಡೆಗೆ ಚಿಮ್ಮಿಸಿದರೆ ಕೆಡುತ್ತದೆ. ಪಾಕ ತುಂಬ ಮಂದ. ಹನಿ ಬಿದ್ದ ಕಡೆ ಗುಡ್ಡೆಯಾಗಿ ನಿಲ್ಲುತ್ತದೆ, ಆಮೇಲೆ ಜಾರಿ ಇಳಿಯುತ್ತದೆ.

ನಿಜವಾದ ರಕ್ತ ನೀರಿಗಿಂತ ಸುಮಾರು ನಾಲ್ಕು ಪಟ್ಟು ಮಂದ, ಅಷ್ಟೇ. ತೂಕದಲ್ಲಿ 40 ಪಾಲು ಗ್ಲಿಸರಿನ್, 60 ಪಾಲು ನೀರು ಕಲಸಿದರೆ ಮಾಮೂಲಿ ಕೋಣೆಯ ಬಿಸಿಯಲ್ಲಿ ಹೆಚ್ಚುಕಮ್ಮಿ ಅದೇ ಹದ ಸಿಗುತ್ತದೆ. ಅದಕ್ಕೆ ಕೆಂಪು ಫುಡ್ ಕಲರ್, ಒಂದೆರಡು ಹನಿ ನೀಲಿ, ಚಿಟಿಕೆ ಕೋಕೋ ಪುಡಿ ಹಾಕಿದರೆ ಒದ್ದೆ ರಕ್ತ ಸಿದ್ಧ. ಆದರೆ ಗ್ಲಿಸರಿನ್ ಒಣಗುವುದೇ ಇಲ್ಲ. ಒಣಗಿದ ಕಲೆ ಬೇಕಾದ ಕಡೆಗೆಲ್ಲ ನೀರು ಬೆರೆಸಿದ ಅಕ್ರಿಲಿಕ್ ಬಣ್ಣವೇ ಗತಿ. ಅಲ್ಲೂ ಬರೀ ಕೆಂಪು ಸಾಲದು. ರಕ್ತ ಒಣಗುತ್ತಾ ಕಂದು ಬಣ್ಣಕ್ಕೆ ತಿರುಗುತ್ತದೆ, ಹಿಮೋಗ್ಲೋಬಿನ್ ಗಾಳಿಯ ಆಮ್ಲಜನಕದಿಂದ ಬದಲಾಗುವುದೇ ಕಾರಣ. ಹಳೆಯ ಕೊಲೆಯ ಜಾಗದಲ್ಲಿ ಕಡುಗೆಂಪು ಕಲೆ ಕಂಡರೆ ನನಗೆ ತಕ್ಷಣ ಸಿನಿಮಾ ಅಂತ ನೆನಪಾಗುತ್ತದೆ.

ಗೋಡೆಯ ಕಲೆಗಳಿಗೆ ಲೆಕ್ಕ ಇದೆ. ಹನಿ ನೇರ ಬಂದು ಬಡಿದರೆ ಕಲೆ ದುಂಡಗೆ. ಓರೆಯಾಗಿ ಬಂದರೆ ಉದ್ದಕ್ಕೆ ಎಳೆದ ಮೊಟ್ಟೆಯ ಆಕಾರ, ಮುಂದೆ ಸಣ್ಣ ಬಾಲ. ಬಾಲ ಇರುವ ಕಡೆಗೇ ಹನಿ ಹೋಗುತ್ತಿತ್ತು ಅಂತ ಅರ್ಥ. ಬಾಲವನ್ನು ಬಿಟ್ಟು ಕಲೆಯ ಅಗಲವನ್ನು ಉದ್ದದಿಂದ ಭಾಗಿಸಬೇಕು. ಬರುವುದು ಹನಿ ಬಡಿದ ಕೋನದ ಸೈನ್, ತ್ರಿಕೋನಮಿತಿಯದು. 4 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಉದ್ದ ಇದ್ದರೆ ಅರ್ಧ, ಅಂದರೆ 30 ಡಿಗ್ರಿ.

ಕುಂಚದಲ್ಲಿ ಇಂಥ ಕಲೆ ಬರೆಯಲು ಆಗುವುದಿಲ್ಲ. ಬರೆದರೆ ಗೊತ್ತಾಗುತ್ತದೆ. ಹಾಗಾಗಿ ಗೋಡೆಯನ್ನೇ ಬಿಚ್ಚುವ ಹಲಗೆಯಾಗಿ ಮಾಡಿಸಿದೆ. ಹಲಗೆಯನ್ನು ನೆಲದಿಂದ 60 ಡಿಗ್ರಿಗೆ ಎತ್ತಿ ನಿಲ್ಲಿಸಿ, ಮೇಲಿನಿಂದ ಡ್ರಾಪರ್‌ನಲ್ಲಿ ನೇರ ಹನಿ ಬಿಟ್ಟರೆ ಬಡಿಯುವ ಕೋನ ಸರಿಯಾಗಿ 30 ಡಿಗ್ರಿ. ಪೆಟ್ಟು ಬಿದ್ದ ಬಿಂದು ಎಲ್ಲಿ ಅಂತ ಹಲಗೆ ಮೇಲೆ ಪೆನ್ಸಿಲ್‌ನಿಂದ ಮೊದಲೇ ಗುರುತು ಮಾಡಿಕೊಂಡಿದ್ದೆ. ಒಂದು ಹನಿ ಬಿಡುವುದು, ಅದು ಕೂರುವವರೆಗೆ ಕಾಯುವುದು, ಆ ಬಿಂದು ಮೇಲ್ಗಡೆ ಬರುವ ಹಾಗೆ ಹಲಗೆಯನ್ನು ಸ್ವಲ್ಪ ತಿರುಗಿಸುವುದು, ಇನ್ನೊಂದು ಹನಿ ಬಿಡುವುದು. ಕೊನೆಗೆ ಎಲ್ಲ ಬಾಲಗಳೂ ಒಂದೇ ಬಿಂದುವಿನಿಂದ ಹೊರಕ್ಕೆ ಚಾಚಿಕೊಂಡಿದ್ದವು. ಹಲಗೆಯನ್ನು ಗೋಡೆಗೆ ಬಿಗಿದು, ಪ್ರತಿ ಕಲೆಯಿಂದ ಹನಿ ಬಂದ ದಿಕ್ಕಿಗೆ ಹಿಂದಕ್ಕೆ ಎಳೆಯಲು ತಜ್ಞೆಯ ಕೈಗೆ ದಾರ ಕೊಟ್ಟಾಗ ದಾರಗಳು ತಾವಾಗಿಯೇ ಒಂದು ಕಡೆ ಕೂಡಿಕೊಂಡವು.

ದಾರದ ಬಗ್ಗೆ ಒಂದು ಮಾತು. ದಾರ ನೆಟ್ಟಗೆ ಹೋಗುತ್ತದೆ, ಹನಿ ಹಾಗೆ ಹೋಗುವುದಿಲ್ಲ. ನೆಲದ ಸೆಳೆತಕ್ಕೆ ಬಾಗುತ್ತಾ ಬರುತ್ತದೆ. ಅದರಿಂದ ದಾರ ಹೇಳುವ ಎತ್ತರ ನಿಜವಾದ ಎತ್ತರಕ್ಕಿಂತ ಜಾಸ್ತಿ ಇರುತ್ತದೆ. ನಮ್ಮ ತಜ್ಞೆ ದಾರ ಕೂಡಿದ ಜಾಗ ನೋಡಿ "ಇದಕ್ಕಿಂತ ಕೆಳಗೆ. ಆತ ಕೂತಿದ್ದ, ನಿಂತಿರಲಿಲ್ಲ" ಅನ್ನುತ್ತಾಳೆ. ಈ ಸಾಲು ಬಂದದ್ದು ಟೇಬಲ್ ಮೇಲಿನ ಕೆಲಸದಿಂದ.

ಇನ್ನೊಂದು ಸಣ್ಣ ವಿಷಯ ನನಗೆ ತುಂಬ ಇಷ್ಟ. ರಕ್ತದ ಹನಿ ಅಂಚಿನಿಂದ ಒಣಗಲು ಶುರುವಾಗುತ್ತದೆ. ನಡುಭಾಗ ಇನ್ನೂ ಒದ್ದೆ ಇರುವಾಗ ಒರೆಸಿದರೆ ನಡುವಿನದು ಮಾತ್ರ ಹೋಗುತ್ತದೆ, ಅಂಚು ಉಂಗುರದ ಹಾಗೆ ಉಳಿಯುತ್ತದೆ. ತೆಳ್ಳಗೆ ಮಾಡಿದ ಅಕ್ರಿಲಿಕ್ ಕೂಡ ಹಾಗೇ ನಡೆದುಕೊಳ್ಳುತ್ತದೆ. ಮೇಜಿನ ಮೇಲೆ ಹನಿ ಹಾಕಿ, ಅಂಚು ಹಿಡಿಯುವವರೆಗೆ ಕಾದು, ಬಟ್ಟೆಯಿಂದ ಒಂದೇ ಸಲ ಎಳೆದೆ. ಸಾಲಾಗಿ ಖಾಲಿ ಉಂಗುರಗಳು ಉಳಿದವು. ಕೊಲೆಗಾರ ತಕ್ಷಣ ಓಡಿಹೋಗಲಿಲ್ಲ, ಅಲ್ಲೇ ಸ್ವಲ್ಪ ಹೊತ್ತು ಇದ್ದು ಆಮೇಲೆ ಒರೆಸಿದ ಅನ್ನುವುದಕ್ಕೆ ಡೈಲಾಗೇ ಬೇಕಾಗಲಿಲ್ಲ.

ಬೆರಳಚ್ಚಿನ ಪೆಟ್ಟಿಗೆ

ಮೀನಿನ ಗಾಜಿನ ತೊಟ್ಟಿಯನ್ನು ಬೋರಲು ಹಾಕಿದರೆ ಪೆಟ್ಟಿಗೆ ಸಿದ್ಧ. ಒಳಗೆ ಒಂದು ಲೋಟ ಬಿಸಿನೀರು, ಹಬೆಗೆ. ಕಪ್ ಬೆಚ್ಚಗಿಡುವ ಸಣ್ಣ ಬಿಸಿ ತಟ್ಟೆಯ ಮೇಲೆ ಅಲ್ಯೂಮಿನಿಯಂ ಹಾಳೆಯ ಬಟ್ಟಲು, ಅದರಲ್ಲಿ ಕೆಲವು ಹನಿ ಸೂಪರ್ ಗ್ಲೂ. ಪಕ್ಕದಲ್ಲಿ ಬೆರಳು ಒತ್ತಿದ ಕಪ್ಪು ಗಾಜು. ಗ್ಲೂವಿನ ಆವಿ ಬೆರಳಿನ ತೇವ, ಉಪ್ಪು ಇರುವ ಕಡೆ ಹೋಗಿ ಗಟ್ಟಿಯಾಗಿ ಬಿಳಿ ಗೆರೆಯಾಗುತ್ತದೆ. ಈ ವಿಧಾನ 1970ರ ದಶಕದ ಕೊನೆಯಲ್ಲಿ ಜಪಾನ್‌ನಲ್ಲಿ ಬೆಳಕಿಗೆ ಬಂತು, ಇವತ್ತಿಗೂ ಲ್ಯಾಬ್‌ಗಳಲ್ಲಿ ನಡೆಯುತ್ತಿದೆ.

ಬೆರಳು ಒತ್ತುವ ಮೊದಲು ನಟ ಹಣೆ, ಮೂಗು ಸವರಿಕೊಳ್ಳಬೇಕು. ಚರ್ಮದ ಜಿಡ್ಡು ಹತ್ತಿದರೆ ಅಚ್ಚು ಎದ್ದು ಕಾಣುತ್ತದೆ. ಮ್ಯಾಕ್ರೋ ಲೆನ್ಸ್ ಇಟ್ಟು ಕಾಯುತ್ತಾ ಕೂತರೆ ಕಾಲು ಗಂಟೆಯ ಆಸುಪಾಸಿನಲ್ಲಿ ಖಾಲಿ ಗಾಜಿನ ಮೇಲೆ ಮೊದಲು ಮಂಜಿನಂಥ ಮಚ್ಚೆ, ಆಮೇಲೆ ಒಂದೊಂದಾಗಿ ಸುಳಿ ಮೂಡುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಗಾಜೆಲ್ಲ ಬಿಳಿಯಾಗಿ ಅಚ್ಚು ಮುಳುಗಿಹೋಗುತ್ತದೆ. ಸರಿಯಾದ ಹೊತ್ತಿಗೆ ತೊಟ್ಟಿ ಎತ್ತಬೇಕು. ನಮ್ಮ ಸಿನಿಮಾದಲ್ಲಿ ಈ ಶಾಟ್ ವೇಗ ಹೆಚ್ಚಿಸಿ ತೋರಿಸಿದ್ದೇವೆ, ಬೇರೇನೂ ಸೇರಿಸಿಲ್ಲ.

ದಯವಿಟ್ಟು ಇದನ್ನು ಗಾಳಿಯಾಡುವ ಕಡೆ ಮಾತ್ರ ಮಾಡಿ. ಆವಿ ಕಣ್ಣು, ಮೂಗನ್ನು ಉರಿಸುತ್ತದೆ. ನೇರ ಬೆಂಕಿಯ ಮೇಲೆ ಇಡಲೇಬೇಡಿ. ಗ್ಲೂ ವಿಪರೀತ ಕಾದರೆ ವಿಷದ ಅನಿಲ ಬರುತ್ತದೆ. ಕಪ್ ಬೆಚ್ಚಗಿಡುವಷ್ಟು ಬಿಸಿ ಸಾಕು.

ಇನ್ನೊಂದು ಎಚ್ಚರ. ನಟನ ನಿಜವಾದ ಬೆರಳಚ್ಚನ್ನು ದೊಡ್ಡ ಪರದೆ ಮೇಲೆ ಸ್ಪಷ್ಟವಾಗಿ ತೋರಿಸುವುದು ಅವರಿಗೆ ಅನ್ಯಾಯ. ಅದನ್ನು ಪಾಸ್‌ವರ್ಡ್ ಹಾಗೆ ಬದಲಾಯಿಸಲು ಬರುವುದಿಲ್ಲವಲ್ಲ. ನಾವು ಅಚ್ಚಿನ ಒಂದು ತುಣುಕನ್ನು ಮಾತ್ರ ಫ್ರೇಮಿನಲ್ಲಿಟ್ಟು, ಎಡಿಟಿಂಗ್‌ನಲ್ಲಿ ಎಡಬಲ ತಿರುಗಿಸಿದೆವು. ಇಡೀ ಅಚ್ಚು ಕಾಣಬೇಕಾದ ಫೈಲಿನಲ್ಲಿ ಕೈಯಿಂದ ಬರೆದ ಗೆರೆಗಳ ಚಿತ್ರ ಬಳಸಿದೆವು.

ಲುಮಿನಾಲ್

ನಿಯಮ ಬಿಟ್ಟುಕೊಟ್ಟದ್ದು ಇಲ್ಲಿ. 1937ರಲ್ಲಿ ಜರ್ಮನಿಯ ವಾಲ್ಟರ್ ಸ್ಪೆಕ್ಟ್ ರಕ್ತ ಪತ್ತೆಗೆ ಲುಮಿನಾಲ್ ಎಂಬ ರಾಸಾಯನಿಕ ಬಳಸಬಹುದು ಅಂತ ತೋರಿಸಿಕೊಟ್ಟರು. ಹಿಮೋಗ್ಲೋಬಿನ್‌ನ ಕಬ್ಬಿಣ ತಗಲಿದರೆ ಅದು ನೀಲಿಯಾಗಿ ಬೆಳಗುತ್ತದೆ, ಸುಮಾರು ಅರ್ಧ ನಿಮಿಷ. ಆ ಬೆಳಕು ಎಷ್ಟು ಮಂಕು ಅಂದರೆ ಫೋಟೋ ತೆಗೆಯುವವರು ಕತ್ತಲಲ್ಲಿ ಕ್ಯಾಮೆರಾ ಶಟರ್ ತುಂಬ ಹೊತ್ತು ತೆರೆದಿಡುತ್ತಾರೆ. ನಮ್ಮ ವಿಡಿಯೋ ಕ್ಯಾಮೆರಾಗೆ ಅದು ಸಿಗುವುದಿಲ್ಲ. ಅದರ ಜೊತೆಗೆ ಮುಚ್ಚಿದ ಕೋಣೆಯಲ್ಲಿ ಟೇಕ್ ಮೇಲೆ ಟೇಕ್ ರಾಸಾಯನಿಕ ಸಿಂಪಡಿಸಿ ನಟಿಗೆ ಅದನ್ನು ಉಸಿರಾಡಿಸುವುದು ನನಗೆ ಒಪ್ಪಿಗೆಯಿಲ್ಲ.

ಬದಲಿಗೆ ಟಾನಿಕ್ ವಾಟರ್ ತಂದೆವು. ಅದರಲ್ಲಿರುವ ಕ್ವಿನೈನ್ ಯುವಿ, ಅಂದರೆ ಅತಿನೇರಳೆ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ನೆಲದ ಮೇಲೆ ಅದನ್ನು ಮಾಪ್‌ನಿಂದ ಬಿಲ್ಲಿನಂಥ ಗೀಟುಗಳಲ್ಲಿ ಸವರಿದೆ, ಯಾರೋ ನೆಲ ಒರೆಸಿ ರಕ್ತ ಹರಡಿದ ಹಾಗೆ. ಒಣಗುವ ಮೊದಲೇ ಶಾಟ್ ತೆಗೆಯಬೇಕು. ಯುವಿ ದೀಪ 365 ನ್ಯಾನೋಮೀಟರ್ ತರಂಗದ್ದೇ ಆಗಲಿ. 395ರ ಟಾರ್ಚಿನಲ್ಲಿ ನೇರಳೆ ಬೆಳಕು ಸೋರಿ ಗುಟ್ಟು ಬಯಲಾಗುತ್ತದೆ. ದೀಪವನ್ನು ನೆಲಮಟ್ಟದಲ್ಲಿ, ಕಪ್ಪು ರಟ್ಟಿನ ಹಿಂದೆ ಬಚ್ಚಿಟ್ಟು ಡಿಮ್ಮರ್‌ಗೆ ಸೇರಿಸಿದೆವು. ನಟಿ ಬರೀ ನೀರು ಸಿಂಪಡಿಸುತ್ತಾರೆ, ಅವರ ಕೈ ಆಡಿದ ಹಾಗೆ ಗೆಳೆಯ ಡಿಮ್ಮರ್ ಏರಿಸುತ್ತಾನೆ, ಅರ್ಧ ನಿಮಿಷದಲ್ಲಿ ಇಳಿಸುತ್ತಾನೆ. ಲುಮಿನಾಲ್ ಬೆಳಗಲು ಬೇರೆ ದೀಪ ಬೇಕಿಲ್ಲ, ಹಾಗಾಗಿ ನಟಿಯ ಕೈಯಲ್ಲಿ ನೇರಳೆ ಟಾರ್ಚ್ ಕೊಡಬೇಡಿ. ಎಷ್ಟೋ ಸಿನಿಮಾಗಳಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ.

ಬಿಳಿ ಬಟ್ಟೆ, ಬಿಳಿ ಕಾಗದ ಯುವಿ ಬೆಳಕಿಗೆ ಹೊಳೆಯುತ್ತವೆ, ಸೋಪಿನ ಪುಡಿಯಲ್ಲಿರುವ, ಬಟ್ಟೆ ಬೆಳ್ಳಗೆ ಕಾಣಿಸುವ ಬ್ರೈಟನರೇ ಸಾಕು. ತಜ್ಞೆಯ ಬಿಳಿ ಸೂಟ್ ಬದಲಿಸಿ ಕಡುನೀಲಿ ಕೊಟ್ಟೆವು. ಶಾಟ್‌ಗೆ ಮೊದಲು ಟಾರ್ಚ್ ಹಿಡಿದು ಮೂಲೆಮೂಲೆ ನೋಡಿ. ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ ಎಲ್ಲರಿಗೂ ಇರಲಿ.

ಬ್ಲೀಚ್ ತಗಲಿದರೂ ಲುಮಿನಾಲ್ ಬೆಳಗುತ್ತದೆ, ತಾಮ್ರಕ್ಕೂ ಬೆಳಗುತ್ತದೆ. ನಮ್ಮ ಕೊಲೆಗಾರ ತಾಮ್ರದ ತಂತಿ ಬಳಸುವವನು. ತಜ್ಞೆ ನೀಲಿ ಕಂಡ ಕೂಡಲೇ ರಕ್ತ ಅಂತ ಕೂಗದೆ, ಹತ್ತಿಕಡ್ಡಿಯಲ್ಲಿ ಸ್ಯಾಂಪಲ್ ತೆಗೆದು ಎರಡನೇ ಪರೀಕ್ಷೆಗೆ ಕಳಿಸುತ್ತಾಳೆ. ಇದನ್ನು ಕತ್ತರಿಸೋಣ ಅಂತ ಎಡಿಟರ್ ಕೇಳಿದರು. ನಾನು ಬಿಡಲಿಲ್ಲ. ಅವಳು ಎಂಥ ಕೆಲಸಗಾರ್ತಿ ಅಂತ ಗೊತ್ತಾಗುವುದೇ ಅಲ್ಲಿ.

ಟೇಬಲ್ ಮೇಲಿನ ಚಿಲ್ಲರೆ ಸಾಮಾನು

ರಕ್ತ ಹತ್ತಿದ ಬಟ್ಟೆ ಕಾಗದದ ಚೀಲಕ್ಕೆ ಹೋಗಬೇಕು. ಪ್ಲಾಸ್ಟಿಕ್‌ನಲ್ಲಿ ತೇವ ಕಟ್ಟಿಕೊಂಡು ಬೂಷ್ಟು ಹಿಡಿಯುತ್ತದೆ, ಡಿಎನ್‌ಎ ಕೆಡುತ್ತದೆ. ಸೀಲಿನ ಟೇಪ್ ಮೇಲೆ ಅರ್ಧ, ಚೀಲದ ಮೇಲೆ ಅರ್ಧ ಬರುವ ಹಾಗೆ ಸಹಿ. ಕೈ ಬದಲಾದಾಗಲೆಲ್ಲ ಹೆಸರು, ಹೊತ್ತು, ತಾರೀಕು. ಈ ಚೀಟಿಗಳನ್ನು ನಟರೇ ಟೇಕ್‌ನಲ್ಲಿ ಬರೆದರು, ಬೇಕಾದಷ್ಟು ಖಾಲಿ ಚೀಟಿ ಅಚ್ಚು ಹಾಕಿಸಿಡಿ. ಫೋಟೋಗೆ ಇಡುವ ಎಲ್ ಆಕಾರದ ಅಳತೆಪಟ್ಟಿಯಲ್ಲಿ ವೃತ್ತಗಳಿರುತ್ತವೆ. ಕ್ಯಾಮೆರಾ ವಾಲಿದ್ದರೆ ವೃತ್ತ ಮೊಟ್ಟೆಯಾಗಿ ಕಾಣುತ್ತದೆ, ಅದನ್ನು ನೋಡಿ ಚಿತ್ರ ಸರಿಪಡಿಸುತ್ತಾರೆ. ಕಾರ್ಡಿನ ಮೇಲೆ ಪ್ರಿಂಟ್ ತೆಗೆಯುವಾಗ ಸೈಜ್ ನೂರಕ್ಕೆ ನೂರು ಇದೆಯಾ ಅಂತ ಸ್ಕೇಲಿಟ್ಟು ನೋಡಿ.

ಡಿಎನ್‌ಎ ಯಂತ್ರ ನಾವು ಕಟ್ಟಲೇ ಇಲ್ಲ. ಏರಿಳಿಯುವ ಶಿಖರಗಳ ಗ್ರಾಫನ್ನು ಕಾಗದದ ಮೇಲೆ ಪ್ರಿಂಟ್ ಮಾಡಿ ಫೈಲಿಗೆ ಸೇರಿಸಿದೆವು. ಬ್ರಿಟನ್‌ನ ವಿಜ್ಞಾನಿ ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಕೊಂಡ ಡಿಎನ್‌ಎಯ ಕಪ್ಪು ಪಟ್ಟೆಗಳ ಚಿತ್ರ ಈಗಿನ ಲ್ಯಾಬ್ ವರದಿಯಲ್ಲಿ ಬರುವುದಿಲ್ಲ. ಈಗಿನ ಕಥೆಗೆ ಅದನ್ನು ಬಳಸಬೇಡಿ.

ಇನ್ನು ಬೂಟಿನ ಗುರುತು

ಬಾಕಿ ಇರುವುದು ಇದೊಂದು. ಮಣ್ಣಿನಲ್ಲಿ ಬಿದ್ದ ಬೂಟಿನ ಗುರುತಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬದಲು ಹಲ್ಲಿನ ಡಾಕ್ಟರ್‌ಗಳು ಬಳಸುವ ಡೆಂಟಲ್ ಸ್ಟೋನ್ ತೆಗೆದುಕೊಂಡಿದ್ದೇವೆ, ಗಟ್ಟಿ ಜಾಸ್ತಿ, ಸಣ್ಣ ಗೆರೆಯೂ ಬರುತ್ತದೆ. ಸುಮಾರು 900 ಗ್ರಾಂ ಪುಡಿಗೆ 350 ಮಿಲಿಲೀಟರ್ ನೀರು, ಜಿಪ್ ಚೀಲದೊಳಗೇ ಹಿಸುಕಿ ಕಲಸುವುದು. ಗುರುತಿನ ಮೇಲೆ ನೇರ ಸುರಿಯಬಾರದು. ಪಕ್ಕದ ನೆಲಕ್ಕೆ ಸುರಿದು, ಅದು ತಾನಾಗಿ ಹರಿದು ಗುರುತಿನೊಳಗೆ ಇಳಿಯುವ ಹಾಗೆ ಮಾಡಬೇಕು. ಅರ್ಧ ಗಂಟೆ ಬಿಟ್ಟು ಎತ್ತುವುದು. ಮಣ್ಣನ್ನು ತಕ್ಷಣ ತೊಳೆಯುವ ಹಾಗಿಲ್ಲ, ಪೂರ್ತಿ ಗಟ್ಟಿಯಾಗಲು ಇನ್ನೂ ಒಂದೆರಡು ದಿನ ಬೇಕು. ಹಾಗಾಗಿ ಎತ್ತುವ ಸೀನ್ ಮೊದಲು ತೆಗೆದು, ತೊಳೆಯುವ ಸೀನನ್ನು ಶೆಡ್ಯೂಲ್‌ನ ಕೊನೆಗೆ ಹಾಕಿದ್ದೇವೆ. ಪ್ಲೇಯರ್ ಮತ್ತು ತಂತಿ ತುಂಡುಗಳನ್ನು ಅಲ್ಲಿಯವರೆಗೆ ಚೀಟಿ ಸಮೇತ ಸೀಲ್ ಮಾಡಿಟ್ಟಿದ್ದೇನೆ. ಕ್ಲೋಸ್‌ಅಪ್ ಮತ್ತೆ ತೆಗೆಯಬೇಕಾದರೆ ಅದೇ ಗೆರೆಗಳು ಬೇಕು.